ಲಿನಕ್ಸ್ ಡಿಸ್ಕಿನ ಬೀಗ ಯಾಕಿಷ್ಟು ನಿಧಾನ? - ಒಂದು ಸಣ್ಣ ಇತಿಹಾಸ

ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ ಲಿನಕ್ಸ್ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಈ ಅನುಭವ ಇರುತ್ತೆ. ಸ್ವಿಚ್ ಒತ್ತಿದ ಕೂಡಲೇ ಕಪ್ಪು ಪರದೆ, ಪಾಸ್‌ಫ್ರೇಸ್ ಕೇಳುತ್ತೆ. ಟೈಪ್ ಮಾಡಿ ಎಂಟರ್ ಒತ್ತಿದರೆ... ಏನೂ ಆಗಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ತಪ್ಪು ಒತ್ತಿದೆನೇನೋ ಅಂತ ಅನುಮಾನ ಶುರುವಾಗುವ ಹೊತ್ತಿಗೆ ಬಾಗಿಲು ತೆರೆಯುತ್ತೆ. ಇದನ್ನು ವೇಗ ಮಾಡೋದು ಹೇಗೆ ಅಂತ ಹುಡುಕಲು ಹೊರಟವನು ನಾನು. ಹುಡುಕುತ್ತಾ ಹೋದರೆ ಗೊತ್ತಾಗಿದ್ದು, ಈ ನಿಧಾನ ಯಾರದೋ ಸೋಮಾರಿತನದಿಂದ ಬಂದದ್ದಲ್ಲ, ನಾಲ್ಕು ದಶಕಕ್ಕೂ ಮೀರಿ ತಲೆ ಕೆಡಿಸಿಕೊಂಡು ಬೇಕು ಅಂತಲೇ ಕಟ್ಟಿದ ನಿಧಾನ ಇದು! ಆ ಕತೆ ಇಲ್ಲಿದೆ. ಸ್ವಲ್ಪ ಉದ್ದ ಆಯ್ತು, ಕಾಫಿ ಮಾಡಿಕೊಂಡು ಕೂತು ಓದಿ :-)

ಮೊದಲು ಈ ಹುಡುಕಾಟಕ್ಕೆ ಕಾರಣ ಹೇಳಿಬಿಡ್ತೀನಿ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಗೊತ್ತಲ್ಲ? ಕೆರೆ, ಅದರ ಸುತ್ತ ತೋಟ, ಊರ ತುಂಬ ಅಡಿಕೆ ವ್ಯಾಪಾರ. ಪೇಪರಿನಲ್ಲಿ ಬರುವ ರಾಶಿ, ಬೆಟ್ಟೆ, ಆಪಿ, ಕೆಂಪುಗೋಟು ಅನ್ನೋ ಧಾರಣೆಗಳನ್ನು ಬೆಳಗಿನ ಸುಪ್ರಭಾತದ ಹಾಗೆ ಓದುವ ಊರು. ಅಲ್ಲಿ ನಮ್ಮ ದೊಡ್ಡಪ್ಪನ ಮಗ ಅಡಿಕೆ ವ್ಯಾಪಾರ ಮಾಡುತ್ತಾರೆ. ಅವರ ಲೆಕ್ಕವೆಲ್ಲ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ. ಅದರ ಬ್ಯಾಟರಿ ಸತ್ತು ವರ್ಷಗಳಾಗಿವೆ. ಕರೆಂಟ್ ಹೋದರೆ ಯಂತ್ರವೂ ಹೋಗುತ್ತೆ, ಕರೆಂಟ್ ಬಂದಾಗ ಮತ್ತೆ ಮೊದಲಿಂದ ಶುರು. ಮೊಬೈಲಿನಲ್ಲಿ ಅಳೆದು ನೋಡಿದೆ, ಪಾಸ್‌ಫ್ರೇಸ್ ಒತ್ತಿದ ಮೇಲೆ 42 ಸೆಕೆಂಡು!

"ಅಲ್ಲಲೇ ತಮ್ಮಾ, ಗೋಡೌನಿನ ಶಟರ್ ಇದಕ್ಕಿಂತ ಬೇಗ ಎತ್ತಬೌದು. ರೈತ ಚೀಲ ಇಳಿಸಿ ನಿಂತಿರ್ತಾನೆ, ಇದು ನೋಡಿದ್ರೆ ಜಪ ಮಾಡ್ಕಂತ ಕೂತಿರ್ತತಿ. ಈ ಬೀಗಾನೇ ತೆಗೆದು ಬಿಸಾಕು" ಅಂದರು ಅಣ್ಣ.

"ಅಣ್ಣಾ, ಯಾರಾದ್ರೂ ಇದನ್ನ ಎತ್ಕಂಡು ಹೋದ್ರೆ?"

"ಹೋದ್ರೆ ಹೋಗ್ಲಿ, ಹಳೇ ಡಬ್ಬಿ."

"ಡಬ್ಬಿ ಹೋಗ್ಲಿ. ಒಳಗಿರೋ ಲೆಕ್ಕ?"

ಅಣ್ಣ ಸುಮ್ಮನಾದರು. ಯಾವ ರೈತ ಎಷ್ಟು ಮುಂಗಡ ತಗೊಂಡಿದ್ದಾನೆ, ಯಾರ ಮಗಳ ಮದುವೆಗೆ ಎಷ್ಟು ಸಾಲ ಹೋಗಿದೆ, ಯಾರ ಬಾಕಿ ಎಷ್ಟು ವರ್ಷದಿಂದ ನಿಂತಿದೆ... ಎಲ್ಲ ಅದರಲ್ಲಿದೆ. ಒಂದು ಊರಿನ ಮಾನ ಅದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಹಿರಿಯರು ಹೇಳಿದ್ದು ಇಲ್ಲಿ ಅಕ್ಷರಶಃ ನಿಜ. ಹಾಗಾಗಿ ಬೀಗ ತೆಗೆಯೋ ಮಾತಿಲ್ಲ. ಆದರೆ 42 ಸೆಕೆಂಡು ಯಾಕೆ? ಅದು ಕಡಿಮೆಯಾದರೆ ಕಳ್ಳನಿಗೂ ಕೆಲಸ ಸುಲಭ ಆಗಲ್ವಾ? ಪ್ರಶ್ನೆ ಇದು.

ಈಗ ಇತಿಹಾಸಕ್ಕೆ ಬರೋಣ.

ಯುನಿಕ್ಸಿನ ಹಳೆಯ ದಿನಗಳಲ್ಲಿ ಪಾಸ್‌ವರ್ಡನ್ನು ಹಾಗೇ ಬರೆದಿಡದೆ, ಒಂದು ಗೂಢ ರೂಪಕ್ಕೆ ತಿರುಗಿಸಿ ಇಡುತ್ತಿದ್ದರು. ತಿರುಗಿಸಲು ಬಳಸಿದ್ದು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ಎಂ-209 ಅನ್ನೋ ಯಂತ್ರದ ಅನುಕರಣೆ. ಬೆಲ್ ಲ್ಯಾಬ್ಸಿನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಮೂಲಗ್ರಂಥ ಇದ್ದ ಹಾಗೆ. ಅವರು ಕಂಡುಕೊಂಡದ್ದೇನು ಗೊತ್ತಾ? ಆ ಗೂಢಲಿಪಿಯ ತೊಂದರೆ ಅದು ಬಲಹೀನ ಅನ್ನೋದಲ್ಲ, ಅದು ತುಂಬಾ ವೇಗ ಅನ್ನೋದು! ಪಿಡಿಪಿ-11/70 ಯಂತ್ರದಲ್ಲಿ ಒಂದು ಊಹೆಯನ್ನು ಪರೀಕ್ಷಿಸಲು ಸುಮಾರು 1.25 ಮಿಲಿಸೆಕೆಂಡು ಸಾಕಾಗುತ್ತಿತ್ತು. ಆರು ಸಣ್ಣಕ್ಷರಗಳ ಎಲ್ಲ ಪಾಸ್‌ವರ್ಡುಗಳನ್ನೂ ಒಂದೊಂದಾಗಿ ನೋಡಿ ಮುಗಿಸಲು 107 ಗಂಟೆ. ಅಂದರೆ ಐದು ದಿನಕ್ಕೂ ಕಡಿಮೆ. ಜನ ಇಟ್ಟುಕೊಂಡಿದ್ದ 3,289 ಪಾಸ್‌ವರ್ಡುಗಳನ್ನು ಅವರು ನೋಡಿದಾಗ 86 ಶೇಕಡಾ ಹೀಗೆ ಸುಲಭವಾಗಿ ಸಿಗುವಂಥವೇ ಆಗಿದ್ದವು. 15 ಜನರಂತೂ ಒಂದೇ ಒಂದು ಅಕ್ಷರದ ಪಾಸ್‌ವರ್ಡ್ ಇಟ್ಟುಕೊಂಡಿದ್ದರಂತೆ :-)

ಅವರು ಮಾಡಿದ ಉಪಾಯ ಎರಡು. ಒಂದು, ಡೆಸ್ ಅನ್ನೋ ಗೂಢಲಿಪಿಯನ್ನು ಒಂದು ಸಲ ಅಲ್ಲ, 25 ಸಲ ಸುತ್ತಿಸೋದು. ಎರಡು, ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ ಉಪ್ಪು ಹಾಕೋದು. ಹೌದು, ಅದಕ್ಕೆ ಸಾಲ್ಟ್ ಅಂತಲೇ ಹೆಸರು. 4,096 ಬಗೆಯ ಉಪ್ಪು. ಇದರಿಂದ ಕಳ್ಳ ಒಂದು ಸಲ ಲೆಕ್ಕ ಮಾಡಿಟ್ಟುಕೊಂಡ ಪಟ್ಟಿಯನ್ನು ಎಲ್ಲರ ಮೇಲೂ ಪ್ರಯೋಗಿಸೋಕಾಗಲ್ಲ.

ಇಲ್ಲಿ ಹುಟ್ಟಿದ್ದು "ಬೇಕೆಂದೇ ನಿಧಾನ" ಅನ್ನೋ ಯೋಚನೆ. ಮನೆಯವನು ದಿನಕ್ಕೆ ಒಂದೆರಡು ಸಲ ಬಾಗಿಲು ತೆಗೀತಾನೆ, ಅವನಿಗೆ ಒಂದು ಸೆಕೆಂಡು ಲೆಕ್ಕಕ್ಕಿಲ್ಲ. ಕಳ್ಳ ಕೋಟಿ ಸಲ ಪ್ರಯತ್ನಿಸಬೇಕು, ಅವನಿಗೆ ಕೋಟಿ ಸೆಕೆಂಡು. ನಮ್ಮ ದುರ್ಗದ ಏಳು ಸುತ್ತಿನ ಕೋಟೆಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಎದುರಿಗೇ ಕಾಣಲ್ಲ, ದಾರಿ ಬಳಸಿಕೊಂಡು ಹೋಗುತ್ತೆ. ಓಬವ್ವನ ಕತೆಯಲ್ಲೂ ಅಷ್ಟೇ. ಹೈದರಾಲಿಯ ಸೈನಿಕರು ಎಷ್ಟೇ ಇರಲಿ, ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು. ಒನಕೆಗೆ ಕೆಲಸ ಸಿಕ್ಕಿದ್ದೇ ಆ ನಿಧಾನದಿಂದ.

1997ರಲ್ಲಿ ಜಾನ್ ಕೆಲ್ಸಿ, ಬ್ರೂಸ್ ಶ್ನಾಯರ್, ಕ್ರಿಸ್ ಹಾಲ್, ಡೇವಿಡ್ ವ್ಯಾಗ್ನರ್ ಈ ತಂತ್ರದ ಮೇಲೆ ಒಂದು ಪ್ರಬಂಧ ಬರೆದು, ಬೀಗದ ಕೈಯನ್ನು ಹೀಗೆ "ಹಿಗ್ಗಿಸುವ" ಲೆಕ್ಕಾಚಾರಕ್ಕೆ ಶಾಸ್ತ್ರದ ರೂಪ ಕೊಟ್ಟರು. 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೆರ್ ಅವರ ಬಿಕ್ರಿಪ್ಟ್ ಬಂತು. ಕಂಪ್ಯೂಟರುಗಳು ವೇಗವಾದ ಹಾಗೆಲ್ಲ ಸುತ್ತುಗಳನ್ನು ಹೆಚ್ಚಿಸಿಕೊಳ್ಳುವ ಅನುಕೂಲ ಅದರಲ್ಲಿತ್ತು. 2000ದಲ್ಲಿ ಪಿಬಿಕೆಡಿಎಫ್2 ಅನ್ನೋ ಹೆಸರಿನ ಮಾನದಂಡ ಬಂತು, ಅದು ಹೇಳಿದ್ದು ಕನಿಷ್ಠ 1,000 ಸುತ್ತು ಇರಲಿ ಅಂತ. ಆಗ 1,000 ದೊಡ್ಡ ಸಂಖ್ಯೆ!

ಲಿನಕ್ಸಿನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಮೊದಲು ಲೂಪ್ ಸಾಧನಗಳ ಮೂಲಕ ನಡೀತಿತ್ತು. 2004ರಲ್ಲಿ ಕರ್ನಲ್ 2.6.4ರ ಜೊತೆ ಕ್ರಿಸ್ಟೋಫ್ ಸೌಟ್ ಬರೆದ ಡಿಎಂ-ಕ್ರಿಪ್ಟ್ ಬಂತು. ಆದರೆ ಪಾಸ್‌ಫ್ರೇಸಿನಿಂದ ಬೀಗದ ಕೈ ಮಾಡುವ ಕೆಲಸ ಆಗ ಒಂದೇ ಸುತ್ತಿನ ಹ್ಯಾಶ್. ಉಪ್ಪಿಲ್ಲ, ಸುತ್ತಿಲ್ಲ. 1979ರಲ್ಲೇ ಕಲಿತ ಪಾಠ ಇಲ್ಲಿಗೆ ಇನ್ನೂ ಬಂದಿರಲಿಲ್ಲ. ಅದನ್ನು ತಂದವರು ಆಸ್ಟ್ರಿಯಾದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲೆಮೆನ್ಸ್ ಫ್ರುವಿರ್ತ್. 2004-05ರಲ್ಲಿ ಅವರು ರೂಪಿಸಿದ್ದೇ ಲಕ್ಸ್.

ಲಕ್ಸ್‌ನ ಕಟ್ಟಡ ಹೀಗಿದೆ. ಡಿಸ್ಕಿನ ದತ್ತಾಂಶವನ್ನೆಲ್ಲ ಮುಚ್ಚಿಡುವುದು ಒಂದು ಮೂಲ ಕೀಲಿ. ಅದನ್ನು ಯಾರೂ ನೆನಪಿಡಬೇಕಿಲ್ಲ, ಕಂಪ್ಯೂಟರೇ ಯದ್ವಾತದ್ವಾ ಹುಟ್ಟಿಸಿದ್ದು. ಆ ಮೂಲ ಕೀಲಿಯನ್ನು ಎಂಟು ಗೂಡುಗಳಲ್ಲಿ ಇಡಬಹುದು, ಒಂದೊಂದು ಗೂಡಿಗೂ ಬೇರೆ ಬೇರೆ ಪಾಸ್‌ಫ್ರೇಸಿನ ಬೀಗ. ಪಾಸ್‌ಫ್ರೇಸ್ ಬದಲಿಸಿದರೆ ಡಿಸ್ಕನ್ನೆಲ್ಲ ಮತ್ತೆ ಬರೆಯಬೇಕಾಗಿಲ್ಲ, ಗೂಡಿನ ಬೀಗ ಬದಲಿಸಿದರೆ ಸಾಕು. ಇನ್ನು ಎಷ್ಟು ಸುತ್ತು? ಫ್ರುವಿರ್ತ್ ಸಂಖ್ಯೆ ಹೇಳಲಿಲ್ಲ, ಸಮಯ ಹೇಳಿದರು. ಗೂಡು ತಯಾರಾಗುವ ಕಂಪ್ಯೂಟರಿನಲ್ಲಿ ಒಂದು ಸೆಕೆಂಡಿಗೆ ಎಷ್ಟು ಸುತ್ತು ಸಾಧ್ಯವೋ ಅಳೆದು, ಅಷ್ಟನ್ನು ಬರೆದಿಟ್ಟುಬಿಡೋದು. 2015ರ ಕ್ರಿಪ್ಟ್‌ಸೆಟಪ್ 1.7ರಲ್ಲಿ ಈ ಒಂದು ಸೆಕೆಂಡು ಎರಡಾಯಿತು.

ಎಷ್ಟು ಜಾಣ ಉಪಾಯ ಅಲ್ವಾ? ಆದರೆ 42 ಸೆಕೆಂಡಿನ ಬೀಜವೂ ಇಲ್ಲೇ ಇದೆ. ಸುತ್ತು ಅಳೆಯೋದು ಗೂಡು ಮಾಡುವ ಯಂತ್ರದಲ್ಲಿ, ಕಾಯೋದು ಬಾಗಿಲು ತೆಗೆಯುವ ಯಂತ್ರದಲ್ಲಿ. ಅಣ್ಣನ ಡಿಸ್ಕ್ ಸಿದ್ಧವಾದದ್ದು ಪರಿಚಿತರೊಬ್ಬರ ಹೊಸ ಕಂಪ್ಯೂಟರಿನಲ್ಲಿ, ಆಮೇಲೆ ಅದನ್ನು ಈ ಹಳೆಯ ಲ್ಯಾಪ್‌ಟಾಪಿಗೆ ಕೂರಿಸಿದ್ದು. ಎತ್ತಿನ ಗಾಡಿಗೆ ಲಾರಿಯ ಲೋಡ್ ಹೇರಿದ ಹಾಗೆ.

ಎರಡನೇ ಕಾರಣ ಗ್ರಬ್. 2012ರ ಗ್ರಬ್ 2.00ರಿಂದ ಲಕ್ಸ್ ಬೀಗವನ್ನು ಗ್ರಬ್ಬೇ ತೆಗೆಯಬಲ್ಲದು, ಹಾಗಾಗಿ ಬೂಟ್ ಫೋಲ್ಡರನ್ನೂ ಬೀಗದೊಳಗೆ ಇಡಬಹುದು. ಆದರೆ ಗ್ರಬ್ ಓಡುವಾಗ ಲಿನಕ್ಸ್ ಇನ್ನೂ ಎದ್ದೇ ಇರಲ್ಲ. ಪ್ರಾಸೆಸರಿನ ವಿಶೇಷ ಸೂಚನೆಗಳನ್ನು ಬಳಸಿ ಚುರುಕಾಗಿ ಲೆಕ್ಕ ಮಾಡುವ ವಿದ್ಯೆ ಅದರ ಹತ್ತಿರ ಇಲ್ಲ, ಒಂದೇ ಕೋರಿನಲ್ಲಿ ಸಾದಾ ಲೆಕ್ಕ. ಲಿನಕ್ಸಿನಲ್ಲಿ ಎರಡು ಸೆಕೆಂಡಿಗೆ ಅಂತ ಅಳೆದಿಟ್ಟ ಸುತ್ತು ಗ್ರಬ್ಬಿನಲ್ಲಿ ಹಲವು ಪಟ್ಟು ಹಿಗ್ಗುತ್ತೆ.

ಮೂರನೇ ಕಾರಣ ಇನ್ನೂ ಸ್ವಾರಸ್ಯ. ನೀವು ಕೊಟ್ಟ ಪಾಸ್‌ಫ್ರೇಸ್ ಯಾವ ಗೂಡಿನದು ಅಂತ ಗ್ರಬ್‌ಗೆ ಗೊತ್ತಿಲ್ಲ. 0ಯಿಂದ ಶುರು ಮಾಡಿ ಒಂದೊಂದೇ ಗೂಡಿಗೆ ಪೂರ್ತಿ ಸುತ್ತು ಹಾಕಿ ನೋಡುತ್ತೆ. ಅಣ್ಣನ ಡಿಸ್ಕಿನಲ್ಲಿ 0ನೇ ಗೂಡು ಸಿದ್ಧ ಮಾಡಿಕೊಟ್ಟವರದು, 1ನೇ ಗೂಡು ಅಣ್ಣನದು. ಸುಮಾರು 21 ಸೆಕೆಂಡು ಮೊದಲ ಗೂಡಿನಲ್ಲಿ ದಂಡ, ಇನ್ನು 21 ನಿಜವಾದ ಗೂಡಿಗೆ. ಲೆಕ್ಕ ಸರಿಹೋಯ್ತಲ್ಲ!

ಅಂದ ಹಾಗೆ ಇದನ್ನು ಡಿಸ್ಕ್ ಓದುವ ವೇಗದ ಜೊತೆ ಸೇರಿಸಬೇಡಿ. 2010ರಲ್ಲಿ ಇಂಟೆಲ್ ತನ್ನ ಪ್ರಾಸೆಸರುಗಳಿಗೆ ಎಇಎಸ್ ಸೂಚನೆಗಳನ್ನು ಸೇರಿಸಿದ ಮೇಲೆ, ಬೀಗ ತೆರೆದ ನಂತರದ ಓದು-ಬರಹ ಬಹಳ ಹಗುರವಾಯಿತು. ನಾವು ಮಾತಾಡ್ತಿರೋದು ಬಾಗಿಲು ತೆರೆಯುವ ಆ ಒಂದು ಕ್ಷಣದ ಬಗ್ಗೆ ಮಾತ್ರ.

ಈಗ ಕಳ್ಳನ ಕಡೆಯ ಇತಿಹಾಸವನ್ನೂ ನೋಡಬೇಕು. ಓಬವ್ವನ ಕಿಂಡಿಗೂ ಡಿಸ್ಕಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೋಟೆಯನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗೋಕಾಗಲ್ಲ. ಡಿಸ್ಕ್ ಹೊತ್ತೊಯ್ದವನು ಅದರ ಶಿರೋಲೇಖವನ್ನು ನಕಲು ಮಾಡಿ ಸಾವಿರ ಕಿಂಡಿ ಮಾಡಿಕೊಳ್ಳಬಹುದು. ಆಟಗಳಿಗೆ ಅಂತ ಮಾಡಿದ ಗ್ರಾಫಿಕ್ಸ್ ಕಾರ್ಡುಗಳು ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಪಿಬಿಕೆಡಿಎಫ್2ನ ಸುತ್ತಿಗೆ ಜಾಗವೇ ಬೇಡ, ಹಾಗಾಗಿ ಒಂದು ಕಾರ್ಡಿನಲ್ಲಿ ಸಾವಿರಾರು ಸಣ್ಣ ಕೋರುಗಳು ಒಟ್ಟಿಗೆ ಊಹಿಸುತ್ತಾ ಕೂರಬಹುದು.

ನಮ್ಮ ಅಡಿಕೆ ಭಾಷೆಯಲ್ಲಿ ಹೇಳೋದಾದ್ರೆ, ಪಿಬಿಕೆಡಿಎಫ್2 ಅಡಿಕೆ ಸುಲಿಯೋ ಕೆಲಸ ಇದ್ದ ಹಾಗೆ. ಹತ್ತು ಜನರ ಬದಲು ನೂರು ಜನ ಕೂರಿಸಿ, ಅದೇ ಕೊಟ್ಟಿಗೆಯಲ್ಲಿ ಕೆಲಸ ಬೇಗ ಮುಗಿಯುತ್ತೆ. ಆದರೆ ಬೇಯಿಸಿದ ಅಡಿಕೆ ಒಣಗಿಸೋಕೆ? ಅದಕ್ಕೆ ಅಂಗಳ ಬೇಕು. ನೂರು ಜನ ಬಂದರೂ ಅಂಗಳ ಇಲ್ಲದಿದ್ದರೆ ಒಂದು ಕಾಯೂ ಒಣಗಲ್ಲ. ಈ ಅಂಗಳದ ಉಪಾಯವೇ ಆರ್ಗಾನ್2. 2013ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಅಂತ ಒಂದು ಶುರುವಾಯಿತು. 2015ರಲ್ಲಿ ಗೆದ್ದದ್ದು ಲಕ್ಸಂಬರ್ಗ್ ವಿಶ್ವವಿದ್ಯಾಲಯದ ಅಲೆಕ್ಸ್ ಬಿರ್ಯುಕೋವ್, ಡ್ಯಾನಿಯಲ್ ಡಿನು, ಡಿಮಿಟ್ರಿ ಖೊವ್ರಾಟೋವಿಚ್ ಅವರ ಆರ್ಗಾನ್2. ಪ್ರತಿ ಊಹೆಗೂ ಸಾಕಷ್ಟು ಮೆಮೊರಿ ಬೇಕೇಬೇಕು ಅನ್ನೋ ಹಾಗೆ ಅದನ್ನು ಕಟ್ಟಿದ್ದಾರೆ. 2017ರ ಡಿಸೆಂಬರಿನಲ್ಲಿ ಬಂದ ಕ್ರಿಪ್ಟ್‌ಸೆಟಪ್ 2.0 ಅದನ್ನು ಲಕ್ಸ್2ಗೆ ತಂತು, ಒಂದು ಊಹೆಗೆ 1 ಜಿಬಿವರೆಗೆ ಮೆಮೊರಿ ಬಳಸುವಂತೆ. ಸಾವಿರ ಊಹೆ ಒಟ್ಟಿಗೆ ಮಾಡಬೇಕಾದರೆ ಕಳ್ಳನಿಗೆ ಸಾವಿರ ಜಿಬಿ ಅಂಗಳ ಬೇಕು!

2021ರ ಗ್ರಬ್ 2.06 ಲಕ್ಸ್2 ಓದಲು ಕಲಿಯಿತು. ಆದರೆ ಆರ್ಗಾನ್2 ಅಲ್ಲ, ಪಿಬಿಕೆಡಿಎಫ್2 ಮಾತ್ರ. ಹಾಗಾಗಿ ಬೂಟ್ ಫೋಲ್ಡರನ್ನು ಬೀಗದೊಳಗೆ ಇಟ್ಟವರು ಹಳೆಯ ಸುತ್ತಿನಲ್ಲೇ ಉಳಿದರು. 2023ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಹೋರಾಟಗಾರರೊಬ್ಬರ ಲಕ್ಸ್ ಡಿಸ್ಕನ್ನು ಪೊಲೀಸರು ತೆರೆದರು ಅನ್ನೋ ಸುದ್ದಿ ಹಬ್ಬಿದಾಗ, ಲಿನಕ್ಸ್ ಭದ್ರತೆಯ ಕೆಲಸಕ್ಕೆ ಹೆಸರಾದ ಮ್ಯಾಥ್ಯೂ ಗ್ಯಾರೆಟ್ ಎಲ್ಲರೂ ಆರ್ಗಾನ್2ಗೆ ಬದಲಾಯಿಸಿಕೊಳ್ಳಿ ಅಂತ ಬರೆದಿದ್ದು ಇದೇ ಕಾರಣಕ್ಕೆ.

ಹಾಗಾದರೆ ವೇಗ ಮಾಡೋದು ಹೇಗೆ? ದಾರಿಗಳಿವೆ.

ಸುಲಭದ್ದು, ಬೂಟ್ ಫೋಲ್ಡರನ್ನು ಹೊರಗಿಟ್ಟು, ಬೀಗ ತೆಗೆಯುವ ಕೆಲಸವನ್ನು ಲಿನಕ್ಸಿಗೇ ಬಿಡೋದು. ಉಬುಂಟು, ಫೆಡೋರಾ ಮಾಡೋದು ಹೀಗೇ. ಆಗ ಎರಡು ಸೆಕೆಂಡು ಅಂದರೆ ಸುಮಾರು ಎರಡೇ ಸೆಕೆಂಡು, ಆರ್ಗಾನ್2 ಕೂಡ ಸಿಗುತ್ತೆ. ಇದರ ಬೆಲೆ ಏನು ಅಂದರೆ, ಕಂಪ್ಯೂಟರ್ ಕೈಗೆ ಸಿಕ್ಕವನು ಬೂಟ್ ಫೈಲುಗಳನ್ನು ತಿರುಚಿ ಮತ್ತೆ ವಾಪಸ್ ಇಟ್ಟು ಹೋಗಬಹುದು. ಇನ್ನೊಂದು, 2021ರ ಸಿಸ್ಟಂಡಿ 248ರಿಂದ ಯಂತ್ರದೊಳಗಿನ ಟಿಪಿಎಂ ಚಿಪ್ಪಿಗೆ ಕೀಲಿ ಒಪ್ಪಿಸೋದು ಸುಲಭವಾಗಿದೆ. ಆದರೆ ಪಿನ್ ಇಲ್ಲದೆ ಹಾಗೆ ಮಾಡಿದರೆ ಯಂತ್ರ ಹೊತ್ತೊಯ್ದವನಿಗೂ ಅದು ತಾನಾಗೇ ತೆರೆದುಕೊಂಡು ಲಾಗಿನ್ ತನಕ ಬಂದು ನಿಲ್ಲುತ್ತೆ. ಅಣ್ಣನ ಹಳೇ ಡಬ್ಬಿಯಲ್ಲಿ ಆ ಚಿಪ್ಪೂ ಇಲ್ಲ ಬಿಡಿ.

ಮೂರನೆಯದು ಗೂಡುಗಳ ಕಸ ಗುಡಿಸೋದು, ಸುತ್ತು ಇಳಿಸೋದು. ಇಲ್ಲೇ ಎಲ್ಲರೂ ಹೆದರೋದು, ಹೆದರಲೂಬೇಕು. ಲೆಕ್ಕ ನೋಡಿ. ಅಣ್ಣನ ಪಾಸ್‌ಫ್ರೇಸ್ ಯಾರದೋ ಮೊಬೈಲ್ ನಂಬರ್. ನಮ್ಮ ದೇಶದ ಮೊಬೈಲ್ ನಂಬರುಗಳು 6ರಿಂದ 9ರವರೆಗಿನ ಅಂಕೆಯಲ್ಲಿ ಶುರುವಾಗುವುದರಿಂದ, ಒಟ್ಟು ಸಾಧ್ಯತೆ 400 ಕೋಟಿ. ಕಳ್ಳ ಸೆಕೆಂಡಿಗೆ 10,000 ಊಹೆ ಮಾಡ್ತಾನೆ ಅಂತ ಇಟ್ಟುಕೊಳ್ಳಿ, ನಾಲ್ಕೂವರೆ ದಿನ ದಾಟುತ್ತಿದ್ದ ಹಾಗೇ ಮುಗೀತು. ಸುತ್ತನ್ನು ಹತ್ತನೇ ಒಂದಕ್ಕೆ ಇಳಿಸಿದರೆ 11 ಗಂಟೆ. ಊರಿನವನೇ ಕಳ್ಳನಾದರೆ ಇಷ್ಟೂ ಬೇಡ, ಅಣ್ಣನ ಮೊಬೈಲಿನಲ್ಲಿರೋ ನಂಬರುಗಳ ಪಟ್ಟಿ ಸಾಕು. ಅಂದರೆ ಆ 42 ಸೆಕೆಂಡು ಕಾದದ್ದೆಲ್ಲ ಅಣ್ಣನಿಗೆ ಬರೀ ನಾಲ್ಕೂವರೆ ದಿನದ ರಕ್ಷಣೆ ಕೊಟ್ಟಿತ್ತು!

ಇನ್ನೊಂದು ಕಡೆಯಿಂದ ನೋಡಿ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಅನ್ನುವವರು ಡೈಸ್‌ವೇರ್ ಅಂತ ಒಂದು ವಿಧಾನ ಮಾಡಿದರು. ದಾಳವನ್ನು ಐದು ಸಲ ಎಸೆದು, ಬಂದ ಅಂಕೆಗಳಿಗೆ 7,776 ಪದಗಳ ಪಟ್ಟಿಯಲ್ಲಿ ಸಿಗುವ ಒಂದು ಪದ ಆರಿಸೋದು. ಹೀಗೆ ಆರು ಪದ. ಸೆಕೆಂಡಿಗೆ ಒಂದು ಲಕ್ಷ ಊಹೆ ಮಾಡಿದರೂ ಎಲ್ಲ ಸಾಧ್ಯತೆ ಮುಗಿಸಲು ಸುಮಾರು 7,000 ಕೋಟಿ ವರ್ಷ ಬೇಕು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸುತ್ತನ್ನು 20 ಪಟ್ಟು ಇಳಿಸಿದರೆ ಕಳ್ಳನ ಕೆಲಸ 20 ಪಟ್ಟು ಸುಲಭ. ಆದರೆ ದಾಳದಿಂದ ಆರಿಸಿದ ಒಂದೇ ಒಂದು ಹೆಚ್ಚಿನ ಪದ ಅವನ ಕೆಲಸವನ್ನು 7,776 ಪಟ್ಟು ಕಷ್ಟ ಮಾಡುತ್ತೆ. ಎರಡೂ ಸೇರಿದರೆ ನೀವು 388 ಪಟ್ಟು ಲಾಭದಲ್ಲಿದ್ದೀರಿ. ಒಂದು ಪದ ಟೈಪ್ ಮಾಡಲು ಎರಡು ಸೆಕೆಂಡು, ಉಳಿತಾಯ ಇಪ್ಪತ್ತು ಸೆಕೆಂಡು.

ಅಂದರೆ ನಿಧಾನದ ಸುತ್ತು ಇರೋದು ದುರ್ಬಲ ಪಾಸ್‌ಫ್ರೇಸಿಗೆ ಊರುಗೋಲು. ಕಾಲು ಗಟ್ಟಿ ಇದ್ದವನು ಊರುಗೋಲನ್ನು ಸ್ವಲ್ಪ ಹಗುರ ಮಾಡಿಕೊಳ್ಳಬಹುದು. ಕಾಲು ಗಟ್ಟಿ ಮಾಡದೆ ಊರುಗೋಲು ಬಿಸಾಡಬಾರದು. ಈ ಕ್ರಮ ತಪ್ಪಬಾರದು.

ನಾವು ಮಾಡಿದ್ದೂ ಇದೇ ಕ್ರಮದಲ್ಲಿ. ಮೊದಲು ಲೆಕ್ಕದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿದೆವು, ಶಿರೋಲೇಖದ ಒಂದು ಪ್ರತಿಯನ್ನೂ ತೆಗೆದಿಟ್ಟೆವು. ಆಮೇಲೆ ದಾಳ ಎಸೆದು ಆರು ಪದದ ಪಾಸ್‌ಫ್ರೇಸ್. ಅದನ್ನು ಹತ್ತನೇ ಒಂದು ಸುತ್ತಿನ ಜೊತೆ 0ನೇ ಗೂಡಿಗೆ ಹಾಕಿ, ಹಳೆಯ ಎರಡೂ ಬೀಗ ಅಳಿಸಿದ್ದಾಯಿತು. ಹೊಸದು ಸರಿಯಾಗಿ ತೆರೆಯುತ್ತೆ ಅಂತ ಖಾತ್ರಿಯಾದ ಮೇಲೆ ಶಿರೋಲೇಖದ ಹಳೆಯ ಪ್ರತಿಯನ್ನೂ ನಾಶ ಮಾಡಿದೆವು. ಇದನ್ನು ಮರೆಯಬೇಡಿ, ಆ ಪ್ರತಿ ಇದ್ದರೆ ಹಳೆಯ ಮೊಬೈಲ್ ನಂಬರಿಗೇ ಬಾಗಿಲು ತೆರೆಯುತ್ತೆ! ಈಗ ಕಾಯೋದು ಎರಡು ಸೆಕೆಂಡು. "ಈಗ ಪರವಾಗಿಲ್ಲಲೇ" ಅಂದರು ಅಣ್ಣ. ನಮ್ಮ ಕಡೆ ಅದೇ ಪದ್ಮಶ್ರೀ :-)

ಕೊನೆಗೆ ನಮ್ಮಂಥ ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಪಾಸ್‌ಫ್ರೇಸನ್ನು ಕನ್ನಡ ಲಿಪಿಯಲ್ಲೇ ಇಡಬಹುದಾ? ಲಕ್ಸ್‌ಗೆ ಬೈಟುಗಳು ಮಾತ್ರ ಗೊತ್ತು, ಹಾಗಾಗಿ ತತ್ವಶಃ ಇಡಬಹುದು. ಆದರೆ ಆ ಕಪ್ಪು ಪರದೆಯಲ್ಲಿ ನಮ್ಮ ಕೆ.ಪಿ. ರಾವ್ ಕೀಲಿಮಣೆಯೂ ಇಲ್ಲ, ಯುನಿಕೋಡ್ ಕೂಡಿಸುವವರೂ ಇಲ್ಲ. ಇಡಬೇಡಿ, ಬಾಗಿಲ ಹೊರಗೇ ನಿಲ್ಲುತ್ತೀರಿ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋದೇ ದಾರಿ. ಅಲ್ಲೂ ತೊಡಕಿದೆ. ಅಡಿಕೆಯ "ಡಿ"ಯನ್ನು ಬರಹದ ರೂಢಿ ಇರುವವರು ದೊಡ್ಡಕ್ಷರದಲ್ಲಿ ಒತ್ತುತ್ತಾರೆ, ಮೊಬೈಲಿನಲ್ಲಿ ಮೆಸೇಜ್ ಮಾಡುವವರು ಸಣ್ಣಕ್ಷರದಲ್ಲಿ. ಒಂದೇ ರೂಢಿ ಹಿಡಿದುಕೊಳ್ಳಿ. ಗಾದೆಗಳನ್ನಂತೂ ಬೇಡ. ಕನ್ನಡ ಗಾದೆ ಹೊರದೇಶದ ಕಳ್ಳನಿಗೆ ಗೊತ್ತಿಲ್ಲದಿರಬಹುದು, ಆದರೆ ಭೀಮಸಮುದ್ರದಲ್ಲಿ ಲ್ಯಾಪ್‌ಟಾಪ್ ಎತ್ತುವವನು ಕನ್ನಡದವನೇ ಅಲ್ವಾ?

ನನಗೊಂದು ಆಸೆ ಇದೆ. ದಾಳಕ್ಕೆ ಹೊಂದುವ 7,776 ಕನ್ನಡ ಪದಗಳ ಪಟ್ಟಿ. ಚಿಕ್ಕ ಪದಗಳು, ಎಲ್ಲರಿಗೂ ಗೊತ್ತಿರೋವು, ಇಂಗ್ಲಿಷ್ ಅಕ್ಷರದಲ್ಲಿ ಒಂದೇ ರೀತಿ ಬರೆಯಬಹುದಾದವು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ. ಕೆರೆ, ತೋಟ, ಅಂಗಳ, ಒನಕೆ ಇವನ್ನೆಲ್ಲ ನಾನು ಆಗಲೇ ಬರೆದಿಟ್ಟುಕೊಂಡಿದ್ದೀನಿ. ನಿಮ್ಮ ಊರಿನ ಪದಗಳನ್ನು ನೀವು ಕಳಿಸಿ. ಪಟ್ಟಿ ಎಲ್ಲರಿಗೂ ಗೊತ್ತಿದ್ದರೂ ಪರವಾಗಿಲ್ಲ, ಗುಟ್ಟು ಇರೋದು ದಾಳದಲ್ಲಿ. ಏನಂತೀರಾ?